ಮೊಡವೆಗೆ ಟೀ ಟ್ರೀ ಎಣ್ಣೆ, ಗಂಧದ ಎಣ್ಣೆ, ವೀಳ್ಯದೆಲೆ ರಸ: ಫಾರ್ವರ್ಡ್‌ಗಳು ಹೇಳುವುದರಲ್ಲಿ ನಿಜವೆಷ್ಟು?

"ಎರಡೇ ಹನಿ ಸಾಕು, ಮೂರೇ ದಿನದಲ್ಲಿ ಮೊಡವೆ ಮಾಯ. ನೂರಕ್ಕೆ ನೂರು ನೈಸರ್ಗಿಕ, ಅಡ್ಡಪರಿಣಾಮ ಇಲ್ಲವೇ ಇಲ್ಲ. ಮನೆಯ ಹೆಣ್ಣುಮಕ್ಕಳಿಗೆ ತಪ್ಪದೇ ಕಳಿಸಿ." ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಒಮ್ಮೆ ಟೀ ಟ್ರೀ ಎಣ್ಣೆ, ಇನ್ನೊಮ್ಮೆ ಲ್ಯಾವೆಂಡರ್, ಮತ್ತೊಮ್ಮೆ ಗಂಧದ ಎಣ್ಣೆ. ಕೆಲವು ಸಲ ಎಣ್ಣೆಯ ಜಾಗದಲ್ಲಿ ವೀಳ್ಯದೆಲೆ, ನಿಂಬೆ ಅಥವಾ ಲವಂಗ ಇರುತ್ತದೆ. ಬೆಂಗಳೂರಿನ ಹುಡುಗಿಗೆ ಬರುವ ಸಂದೇಶವೇ ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಹುಡುಗಿಗೂ ಬರುತ್ತದೆ. ವ್ಯತ್ಯಾಸ ಇಷ್ಟೇ: ಬಂಕಾಪುರದವರು ಚರ್ಮದ ಡಾಕ್ಟರನ್ನು ನೋಡಬೇಕೆಂದರೆ ಸಾಮಾನ್ಯವಾಗಿ ಹಾವೇರಿಗೋ ಹುಬ್ಬಳ್ಳಿಗೋ ಬಸ್ ಹತ್ತಬೇಕು. ಫಾರ್ವರ್ಡ್ ಮಾತ್ರ ಕೈಗೇ ಬಂದು ಬೀಳುತ್ತದೆ. ಹಾಗಾಗಿ ಅದು ಹೇಳುವುದು ಎಷ್ಟು ಸರಿ ಎಂದು ನೋಡುವುದು ಸಣ್ಣ ಊರುಗಳಲ್ಲಿ ಇರುವವರಿಗೇ ಹೆಚ್ಚು ಅಗತ್ಯ.

ಮೊದಲು ಚುಟುಕು ಉತ್ತರ. ಸಸ್ಯಗಳ ಸುಗಂಧ ತೈಲಗಳಲ್ಲಿ ಒಂದಕ್ಕೆ, ಅಂದರೆ ಟೀ ಟ್ರೀ ಎಣ್ಣೆಗೆ, ಸಾಧಾರಣ ಮೊಡವೆಯನ್ನು ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುವ ಗುಣ ಇದೆ ಎನ್ನಲು ಪುರಾವೆ ಇದೆ. ಅದು ತೆಳುಮಾಡಿದ ಎಣ್ಣೆಗೆ, ವಾರಗಟ್ಟಲೆ ಹಚ್ಚಿದರೆ ಮಾತ್ರ ಅನ್ವಯಿಸುವ ಮಾತು. ಉಳಿದ ಬಹುತೇಕ ಎಣ್ಣೆಗಳಿಗೆ ಅಷ್ಟೂ ಪುರಾವೆ ಇಲ್ಲ. "ಅಡ್ಡಪರಿಣಾಮ ಇಲ್ಲ" ಎಂಬ ಸಾಲು ಮಾತ್ರ ಎಲ್ಲದರಲ್ಲೂ ತಪ್ಪು.

ಮೊಡವೆ ಕೊಳೆಯಿಂದ ಬರುವುದಲ್ಲ

ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಕೆಲಸ ಮಾಡುತ್ತವೆ. ಕೂದಲಿನ ಬುಡದ ರಂಧ್ರದಲ್ಲಿ ಈ ಜಿಡ್ಡು ಮತ್ತು ಸತ್ತ ಜೀವಕೋಶಗಳು ಸೇರಿ ಬಿರಡೆಯಂತೆ ಕೂರುತ್ತವೆ. ಒಳಗೆ ಗಾಳಿಯಾಡದ ಆ ಜಾಗದಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ದೇಹ ಅದಕ್ಕೆ ಪ್ರತಿಕ್ರಿಯಿಸಿ ಕೆಂಪಾಗಿ ಊದಿಕೊಳ್ಳುತ್ತದೆ. ಜಿಡ್ಡು, ಬಿರಡೆ, ಬ್ಯಾಕ್ಟೀರಿಯಾ, ಉರಿಯೂತ: ಈ ನಾಲ್ಕೂ ಸೇರಿದರೆ ಮೊಡವೆ. ದಿನಕ್ಕೆ ಹತ್ತು ಸಲ ಸೋಪು ಹಾಕಿ ಮುಖ ತಿಕ್ಕಿದರೆ ಇವುಗಳಲ್ಲಿ ಯಾವುದೂ ನಿಲ್ಲುವುದಿಲ್ಲ, ಚರ್ಮ ಒಣಗಿ ಇನ್ನಷ್ಟು ಕೆರಳುತ್ತದೆ.

ಇನ್ನೊಂದು ವಿಷಯ ಗಮನಿಸಿ. ಒಂದು ಸಾಮಾನ್ಯ ಮೊಡವೆ ಏನೂ ಮಾಡದಿದ್ದರೂ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ನಾವು ಮದ್ದು ಹಚ್ಚುವುದು ಅದು ಚೆನ್ನಾಗಿ ಊದಿದಾಗ, ಅಂದರೆ ಇಳಿಯಲು ಶುರುವಾಗುವ ಹೊತ್ತಿಗೆ. ಆಗ ಟೀ ಟ್ರೀ ಹಚ್ಚಿದರೂ, ಟೂತ್‌ಪೇಸ್ಟ್ ಹಚ್ಚಿದರೂ, ಗೋಡೆಯ ಸುಣ್ಣ ಹಚ್ಚಿದರೂ "ಮೂರೇ ದಿನದಲ್ಲಿ ಹೋಯ್ತು" ಎಂದೇ ಅನಿಸುತ್ತದೆ. ಮೊಡವೆಯ ಮದ್ದನ್ನು ಅಳೆಯುವುದು ಒಂದು ಗುಳ್ಳೆ ಹೋದದ್ದರಿಂದಲ್ಲ, ಮುಂದಿನ ಎರಡು ತಿಂಗಳಲ್ಲಿ ಹೊಸ ಗುಳ್ಳೆ ಎಷ್ಟು ಕಡಿಮೆ ಬಂದವು ಎಂಬುದರಿಂದ.

ಯಾವುದು ಸುಗಂಧ ತೈಲ, ಯಾವುದು ಅಲ್ಲ

ಫಾರ್ವರ್ಡ್‌ಗಳಲ್ಲಿ ಬೇವಿನ ಎಣ್ಣೆ, ಕೊಬ್ಬರಿ ಎಣ್ಣೆ, ಟೀ ಟ್ರೀ ಎಣ್ಣೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕಿರುತ್ತಾರೆ. ಇವು ಬೇರೆ ಬೇರೆ ಜಾತಿಯವು. ಬೇವಿನ ಬೀಜ, ಕೊಬ್ಬರಿ, ಕುಸುಬೆಯನ್ನು ಗಾಣಕ್ಕೆ ಹಾಕಿ ಹಿಂಡಿದರೆ ಬರುವುದು ಜಿಡ್ಡಿನ ಎಣ್ಣೆ. ಅದು ಆರುವುದಿಲ್ಲ, ಬಟ್ಟೆಗೆ ಬಿದ್ದರೆ ಕಲೆ ಉಳಿಯುತ್ತದೆ. ಸುಗಂಧ ತೈಲ, ಅಂದರೆ ಅಂಗಡಿಯವರು ಎಸೆನ್ಶಿಯಲ್ ಆಯಿಲ್ ಎಂದು ಕರೆಯುವುದು, ಸಾಮಾನ್ಯವಾಗಿ ಎಲೆ, ಹೂವು ಅಥವಾ ಕಟ್ಟಿಗೆಯ ಮೇಲೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ ಬಟ್ಟಿ ಇಳಿಸಿದ್ದು. ಅದು ಗಾಳಿಗೆ ಆರಿಹೋಗುತ್ತದೆ, ಮೂಗಿಗೆ ಗಪ್ಪನೆ ಹೊಡೆಯುತ್ತದೆ.

ಮುಖ್ಯ ವಿಷಯ ಅದರ ಸಾಂದ್ರತೆ. ಹಾವೇರಿ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೋರೆಸಿನ್ ಎಂಬ ಕೆಂಪು ಸಾರ ತೆಗೆಯುತ್ತಾರೆ, ಆಹಾರಕ್ಕೂ ಸೌಂದರ್ಯ ಸಾಮಗ್ರಿಗೂ ಬಣ್ಣಕ್ಕಾಗಿ ಬಳಸುತ್ತಾರೆ. ಮೂಟೆಗಟ್ಟಲೆ ಕಾಯಿಯ ಬಣ್ಣ ಒಂದು ಡಬ್ಬಿಯಲ್ಲಿ ಕುಳಿತಿರುತ್ತದೆ. ಅದನ್ನು ತೆಗೆಯುವ ವಿಧಾನ ಬೇರೆ, ಲೆಕ್ಕ ಮಾತ್ರ ಅದೇ. ಸಾರಿಗೆ ಎರಡು ಬ್ಯಾಡಗಿ ಕಾಯಿ ಹಾಕಿದ್ದಕ್ಕೂ ಆ ಡಬ್ಬಿಯಲ್ಲಿ ಬೆರಳು ಅದ್ದಿದ್ದಕ್ಕೂ ಇರುವ ಅಂತರವೇ, ಎಲೆಯನ್ನು ಅರೆದು ಹಚ್ಚಿದ್ದಕ್ಕೂ ಅದರ ಬಟ್ಟಿ ಇಳಿಸಿದ ಎಣ್ಣೆ ಹಚ್ಚಿದ್ದಕ್ಕೂ ಇದೆ. "ನಮ್ಮ ಅಜ್ಜಿ ಗಿಡಮೂಲಿಕೆ ಹಚ್ಚುತ್ತಿದ್ದಳು" ಎಂಬುದು ನಿಜವೇ ಇರಬಹುದು. ಅಜ್ಜಿ ಹಚ್ಚಿದ್ದು ಬಾಟಲಿಯ ಎಣ್ಣೆಯನ್ನಲ್ಲ.

ಟೀ ಟ್ರೀ: ಹೆಸರಲ್ಲಿ ಚಹಾ, ಊರು ಆಸ್ಟ್ರೇಲಿಯಾ

ಟೀ ಟ್ರೀ ಎಂದರೆ ನೀಲಗಿರಿ ಬೆಟ್ಟದ ಚಹಾ ಗಿಡವಲ್ಲ. ಇದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಡೆಯ ಮೆಲಲೂಕ ಎಂಬ ಮರ. ನಮ್ಮ ನೇರಳೆ, ಪೇರಲ, ಲವಂಗ, ರಸ್ತೆ ಬದಿಯ ನೀಲಗಿರಿ ಮರ ಎಲ್ಲವೂ ಇದೇ ಕುಟುಂಬದವು. ಎಲೆ ಹಿಸುಕಿದರೆ ಘಾಟು ಬರುವುದು ಈ ಕುಟುಂಬದ ಲಕ್ಷಣ. 1920ರ ದಶಕದಲ್ಲಿ ಸಿಡ್ನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡ್ ಇದರ ಎಣ್ಣೆಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಇದೆ ಎಂದು ತೋರಿಸಿದರು. ಆ ಕೆಲಸದಲ್ಲಿ ಮುಖ್ಯ ಪಾತ್ರ ಟರ್ಪಿನೆನ್-4-ಓಲ್ ಎಂಬ ರಾಸಾಯನಿಕದ್ದು. ಒಳ್ಳೆಯ ಟೀ ಟ್ರೀ ಎಣ್ಣೆಯಲ್ಲಿ ಇದು ಶೇ. 30ಕ್ಕಿಂತ ಹೆಚ್ಚಿರಬೇಕು. "ರಾಸಾಯನಿಕ ಇಲ್ಲದ್ದು" ಎಂದು ಫಾರ್ವರ್ಡ್ ಹೇಳುವ ಎಣ್ಣೆ ಪೂರ್ತಿ ರಾಸಾಯನಿಕಗಳಿಂದಲೇ ಆದದ್ದು. ಗಿಡ ತಯಾರಿಸಿದ ರಾಸಾಯನಿಕ, ಅಷ್ಟೇ.

ಮೊಡವೆಯ ಮೇಲೆ ಇದನ್ನು ಸರಿಯಾಗಿ ಪರೀಕ್ಷಿಸಿದ ಮೊದಲ ಅಧ್ಯಯನ 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಕಟವಾಯಿತು. 124 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಶೇ. 5ರ ಟೀ ಟ್ರೀ ಜೆಲ್, ಉಳಿದವರಿಗೆ ಶೇ. 5ರ ಬೆಂಜಾಯಿಲ್ ಪೆರಾಕ್ಸೈಡ್ ಕೊಟ್ಟರು. ಎರಡನೆಯದು ವೈದ್ಯರು ಮೊಡವೆಗೆ ದಶಕಗಳಿಂದ ಬರೆದುಕೊಡುತ್ತಿರುವ ಮದ್ದು. ಎರಡರಿಂದಲೂ ಮೊಡವೆ ಕಡಿಮೆಯಾಯಿತು. ಟೀ ಟ್ರೀ ಕೆಲಸ ಶುರುಮಾಡುವುದು ನಿಧಾನವಾಯಿತು, ಆದರೆ ಚರ್ಮ ಒಣಗುವುದು, ಉರಿಯುವುದು ಮುಂತಾದ ತೊಂದರೆ ಅದರಲ್ಲಿ ಕಡಿಮೆ ಇತ್ತು. ಕಡಿಮೆ ಎಂದರೆ ಶೇ. 44ರಷ್ಟು ಜನರಿಗೆ, ಪೆರಾಕ್ಸೈಡ್ ಗುಂಪಿನಲ್ಲಿ ಶೇ. 79. ಫಾರ್ವರ್ಡ್ ಬರೆದವರು ಮೊದಲ ಅರ್ಧವನ್ನು ಹಿಡಿದುಕೊಂಡು, ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಏನಾದರೊಂದು ಕಿರಿಕಿರಿ ಆಗಿತ್ತು ಎಂಬುದನ್ನು ಬಿಟ್ಟುಬಿಟ್ಟರು. ಅದೂ ಶೇ. 5ರ ತೆಳು ಜೆಲ್‌ನಿಂದ.

2007ರಲ್ಲಿ ಇರಾನಿನ ವೈದ್ಯರು 60 ಮಂದಿಯ ಮೇಲೆ 45 ದಿನ ಮಾಡಿದ ಪರೀಕ್ಷೆ ನಮ್ಮ ದೇಶದ ಚರ್ಮವೈದ್ಯರ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮದ್ದಿಲ್ಲದ ಜೆಲ್‌ಗಿಂತ ಶೇ. 5ರ ಟೀ ಟ್ರೀ ಜೆಲ್ ಸ್ಪಷ್ಟವಾಗಿ ಮೇಲಾಗಿತ್ತು. ಆದರೆ 2015ರಲ್ಲಿ ಕಾಕ್ರೇನ್ ಸಂಸ್ಥೆ ಮೊಡವೆಯ ಪರ್ಯಾಯ ಚಿಕಿತ್ಸೆಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗ, ಟೀ ಟ್ರೀ ಉಪಯೋಗವಾಗಬಹುದು, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಎಂಬ ತೀರ್ಮಾನಕ್ಕೆ ಬಂದಿತು. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯವಾದ ಮಾತು. ಟೀ ಟ್ರೀ ಬುರುಡೆ ಮದ್ದಲ್ಲ, ಪವಾಡವೂ ಅಲ್ಲ.

ಹನಿಯ ಲೆಕ್ಕದಲ್ಲಿ ಆಗುವ ಅನಾಹುತ

ಅಧ್ಯಯನಗಳಲ್ಲಿ ಬಳಸಿದ್ದು ಶೇ. 5. ಅಂಗಡಿಯ ಪುಟ್ಟ ಬಾಟಲಿಯಲ್ಲಿ ಇರುವುದು, ಲೇಬಲ್ ನಿಜವಾದರೆ, ಶೇ. 100. ಅದನ್ನು ಹತ್ತಿಯಲ್ಲಿ ಅದ್ದಿ ನೇರ ಮೊಡವೆಗೆ ಒತ್ತಿದರೆ ಪರೀಕ್ಷೆಯಲ್ಲಿ ಬಳಸಿದ್ದಕ್ಕಿಂತ 20 ಪಟ್ಟು ಗಟ್ಟಿಯಾದದ್ದನ್ನು ಹಚ್ಚಿದಂತೆ.

ಸರಿ, ಮನೆಯಲ್ಲೇ ತೆಳುಮಾಡೋಣ ಎಂದರೆ? 10 ಮಿಲಿ, ಅಂದರೆ ಎರಡು ಟೀ ಚಮಚದಷ್ಟು ಮಿಶ್ರಣದಲ್ಲಿ ಶೇ. 5 ಎಂದರೆ ಅರ್ಧ ಮಿಲಿ, ಸುಮಾರು 10 ಹನಿ. ಅದು ಗರಿಷ್ಠ ಮಿತಿ, ಶುರು ಮಾಡುವವರಿಗೆ ಅದರ ಅರ್ಧ ಸಾಕು. ನೀರಿಗೆ ಹಾಕಿದರೆ ಕರಗುವುದಿಲ್ಲ. ಎಣ್ಣೆ ಮೇಲೆ ತೇಲಿ, ಹತ್ತಿ ಅದ್ದಿದಾಗ ಮೇಲಿನ ಗಟ್ಟಿ ಎಣ್ಣೆಯೇ ಮೊದಲು ಹತ್ತಿಕೊಳ್ಳುತ್ತದೆ. ಲೋಳೆಸರದ ಜೆಲ್‌ನಲ್ಲೂ ಎಲ್ಲ ಕಡೆ ಸಮನಾಗಿ ಬೆರೆಯುತ್ತದೆ ಎಂಬ ಭರವಸೆ ಇಲ್ಲ. ಕೊಬ್ಬರಿ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತದೆ, ಆದರೆ ಮೊಡವೆ ಇರುವ ಮುಖಕ್ಕೆ ಕೊಬ್ಬರಿ ಎಣ್ಣೆ ರಂಧ್ರ ಕಟ್ಟಿಸುವ ಸಾಧ್ಯತೆ ಇರುವುದರಿಂದ ವೈದ್ಯರು ಬೇಡ ಎನ್ನುತ್ತಾರೆ. ಬಿರಡೆ ತೆಗೆಯುವ ಮದ್ದನ್ನು ಬಿರಡೆ ಹಾಕುವ ಎಣ್ಣೆಯಲ್ಲಿ ಕಲಸಿದಂತೆ. ಅಂದ ಹಾಗೆ, ತಲೆಗೆ ದಿನವೂ ಎಣ್ಣೆ ಹಚ್ಚುವವರಿಗೆ ಹಣೆಯ ಮೇಲಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳುವುದುಂಟು. ಅಂಥವರು ಯಾವ ಹೊಸ ಮದ್ದೂ ಹುಡುಕುವ ಮೊದಲು ಒಂದು ತಿಂಗಳು ಹಣೆಗೆ ಎಣ್ಣೆ ಇಳಿಯದಂತೆ ನೋಡಿಕೊಂಡರೆ ಸಾಕಾಗಬಹುದು.

ಬಾಟಲಿಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಟೀ ಟ್ರೀ ಎಣ್ಣೆ ಗಾಳಿ, ಬೆಳಕು, ಬಿಸಿಗೆ ಒಡ್ಡಿಕೊಂಡರೆ ಆಕ್ಸಿಡೀಕರಣ ಆಗಿ ಅಲರ್ಜಿ ತರುವ ವಸ್ತುಗಳು ಹುಟ್ಟುತ್ತವೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ, ತಗಡಿನ ಚಾವಣಿಯ ಮನೆಯ ಕಿಟಕಿಯಲ್ಲಿಟ್ಟ ಹಳೇ ಬಾಟಲಿ ಹೊಸದಕ್ಕಿಂತ ಹೆಚ್ಚು ಕೆರಳಿಸುತ್ತದೆ. ಕಳೆದ ವರ್ಷ ಏನೂ ಆಗಲಿಲ್ಲ, ಈ ವರ್ಷ ಯಾಕೆ ಉರಿಯುತ್ತಿದೆ ಎಂದು ಕೇಳುವವರಿಗೆ ಇದು ಒಂದು ಉತ್ತರ. ಇನ್ನೊಂದು ಉತ್ತರ: ಅಲರ್ಜಿ ಮೊದಲ ಸಲವೇ ಬರಬೇಕೆಂದಿಲ್ಲ, ಬಳಸುತ್ತ ಬಳಸುತ್ತ ಬೆಳೆಯಬಹುದು.

ನಮ್ಮದೇ ಗಂಧದ ಎಣ್ಣೆ

ಗಂಧದ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಅಭಿಮಾನ ಸಹಜ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಶುರುಮಾಡಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಮೈಸೂರು ಸ್ಯಾಂಡಲ್ ಸೋಪಿನ ಕಥೆ ಅಲ್ಲಿಂದ ಬಂದದ್ದು. ಕಡಿಮೆ ಜನರಿಗೆ ಗೊತ್ತಿರುವ ಸಂಗತಿ ಎಂದರೆ, ಆ ಕಾಲದಲ್ಲಿ ಗಂಧದ ಎಣ್ಣೆಯನ್ನು ಯುರೋಪಿನಲ್ಲಿ ಗೊನೊರಿಯಾ ಎಂಬ ಲೈಂಗಿಕ ರೋಗಕ್ಕೆ ಔಷಧವಾಗಿಯೂ ನುಂಗಿಸುತ್ತಿದ್ದರು. ಆಂಟಿಬಯೋಟಿಕ್ ಬಂದ ಮೇಲೆ ಯಾರೂ ಅದನ್ನು ಕೇಳಲಿಲ್ಲ. ಒಂದು ಕಾಲದಲ್ಲಿ ಔಷಧವಾಗಿತ್ತು ಎಂಬುದೇ ಪುರಾವೆಯಾಗುವುದಿಲ್ಲ.

ಮೊಡವೆಗೆ ಗಂಧದ ಎಣ್ಣೆಯನ್ನು ಅಮೆರಿಕದಲ್ಲಿ ಸುಮಾರು 50 ಮಂದಿಯ ಮೇಲೆ 8 ವಾರ ಪರೀಕ್ಷಿಸಿದ್ದಾರೆ, ಹೆಚ್ಚಿನವರಿಗೆ ಸುಧಾರಿಸಿತು. ಕೇಳಲು ಚೆನ್ನಾಗಿದೆ. ಆದರೆ ಆ ಮದ್ದಿನಲ್ಲಿ ಗಂಧದ ಜೊತೆ ಸ್ಯಾಲಿಸಿಲಿಕ್ ಆಮ್ಲವೂ ಇತ್ತು. ಅದು ತನ್ನಷ್ಟಕ್ಕೇ ಮೊಡವೆಯ ಮದ್ದು. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಗುಣ ಗಂಧದ್ದೋ, ಆಮ್ಲದ್ದೋ, ಎರಡು ತಿಂಗಳ ಕಾಲದ್ದೋ ಹೇಳಲಾಗದು.

ಬೆಲೆಯನ್ನೂ ನೋಡಿ. ಅಸಲಿ ಗಂಧದ ಎಣ್ಣೆ ಕೆಜಿಗೆ ಲಕ್ಷ ರೂಪಾಯಿ ಮೀರಿದ ವಸ್ತು. ಸಂತೆಯಲ್ಲೋ ಆನ್‌ಲೈನ್‌ನಲ್ಲೋ ನೂರು ರೂಪಾಯಿಗೆ 15 ಮಿಲಿ "ಶುದ್ಧ ಗಂಧದ ಎಣ್ಣೆ" ಸಿಕ್ಕರೆ ಅದರಲ್ಲಿ ಗಂಧ ಎಷ್ಟಿದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಉಳಿದದ್ದು ಬೇರೆ ಎಣ್ಣೆ ಮತ್ತು ಕೃತಕ ಪರಿಮಳ. ಮುಖಕ್ಕೆ ಅಲರ್ಜಿ ತರುವ ವಸ್ತುಗಳಲ್ಲಿ ಪರಿಮಳದ ರಾಸಾಯನಿಕಗಳು ಮುಂಚೂಣಿಯಲ್ಲಿವೆ. ಮನೆಯಲ್ಲಿ ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಬೇರೆ ವಿಷಯ. ಅದು ತಂಪು ಎನಿಸುತ್ತದೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಮೊಡವೆಯನ್ನು ವಾಸಿಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಇಲ್ಲ.

ಸವಣೂರಿನ ಎಲೆ ಬಾಯಿಗೆ ಇರಲಿ, ಮುಖಕ್ಕೆ ಬೇಡ

ಬಂಕಾಪುರದ ಪಕ್ಕದ ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಹಾಗಾಗಿ "ವೀಳ್ಯದೆಲೆ ಕುದಿಸಿ ಮುಖಕ್ಕೆ ಹಚ್ಚಿ" ಎಂಬ ಸಂದೇಶ ಬಂದರೆ ಈ ಭಾಗದಲ್ಲಿ ಸಾಮಗ್ರಿ ಹುಡುಕಿಕೊಂಡು ಹೋಗಬೇಕಿಲ್ಲ. ಎಲೆಯ ಆ ಖಾರ, ಆ ಘಮ ಬರುವುದು ಅದರೊಳಗಿನ ಸುಗಂಧ ತೈಲದಿಂದ. ಅದರಲ್ಲಿ ಯೂಜಿನಾಲ್, ಚಾವಿಕಾಲ್ ಮುಂತಾದ ಫೀನಾಲ್ ಗುಂಪಿನ ವಸ್ತುಗಳಿವೆ. ಪ್ರಯೋಗಾಲಯದ ತಟ್ಟೆಯಲ್ಲಿ ಇವು ಬ್ಯಾಕ್ಟೀರಿಯಾ ಕೊಲ್ಲುತ್ತವೆ, ಫಾರ್ವರ್ಡ್ ಅದನ್ನೇ ಹಿಡಿದುಕೊಂಡು ಓಡುತ್ತದೆ.

ಮುಖದ ಮೇಲೆ ಏನಾಗಬಹುದು ಎಂಬುದನ್ನು ತೈವಾನಿನ ಚರ್ಮವೈದ್ಯರು 1999ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿನ ಕೆಲವು ಮಹಿಳೆಯರು ಅಂದ ಹೆಚ್ಚಿಸಿಕೊಳ್ಳಲು ಹಬೆಯಲ್ಲಿ ಬೇಯಿಸಿದ ವೀಳ್ಯದೆಲೆಯನ್ನು ಮುಖಕ್ಕೆ ಹೊದಿಸಿಕೊಳ್ಳುತ್ತಿದ್ದರು. ಮೊದಮೊದಲು ಮುಖ ಬೆಳ್ಳಗಾದಂತೆ ಕಂಡಿತು, ಹಾಗಾಗಿ ಬಿಡದೆ ಮುಂದುವರಿಸಿದರು. ಆಮೇಲೆ ಕಪ್ಪು ಛಾಯೆ, ಕೊನೆಗೆ ಚುಕ್ಕಿ ಚುಕ್ಕಿಯಾಗಿ ಬಣ್ಣವೇ ಹೋದ ಬಿಳಿ ಕಲೆಗಳು. ಫೀನಾಲ್ ಗುಂಪಿನ ಕೆಲವು ವಸ್ತುಗಳು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಹಾಳುಮಾಡುತ್ತವೆ. ಇದು ನಮಗೆ ಅಪರಿಚಿತವಲ್ಲ. ಸ್ಟಿಕ್ಕರ್ ಟಿಕಳಿ ಹಚ್ಚಿ ಹಚ್ಚಿ ಹುಬ್ಬುಗಳ ನಡುವೆ ಬಿಳಿ ಕಲೆಯಾದವರನ್ನು ಅನೇಕರು ನೋಡಿರುತ್ತೀರಿ. ಅಲ್ಲಿಯೂ ಕಾರಣ ಅಂಟಿನಲ್ಲಿರುವ ಒಂದು ಫೀನಾಲ್ ಜಾತಿಯ ರಾಸಾಯನಿಕ.

ಒಂದು ಸಲ ಎಲೆ ಸೋಕಿದರೆ ಬಿಳಿ ಕಲೆ ಬರುತ್ತದೆ ಎಂದು ಯಾರೂ ಹೆದರಬೇಕಿಲ್ಲ. ಹದಿನಾರರ ಹುಡುಗಿಗೆ ಮೊಡವೆ ಸಾಮಾನ್ಯವಾಗಿ ಕಾಲ ಕಳೆದಂತೆ ಹೋಗುವ ತೊಂದರೆ, ಮುಖದ ಮೇಲಿನ ಬಿಳಿ ಕಲೆ ಹಾಗಲ್ಲ. ಅದರಲ್ಲೂ ನಮ್ಮ ಊರುಗಳಲ್ಲಿ ಅಂಥ ಕಲೆಯನ್ನು ತೊನ್ನು ಎಂದು ಕರೆದು, ಮದುವೆ ಮಾತುಕತೆಯವರೆಗೂ ಎಳೆದು ತರುತ್ತಾರೆ.

ನಿಂಬೆ, ಲವಂಗ, ದಾಲ್ಚಿನ್ನಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಂಬೆ ಜಾತಿಯ ಸಿಪ್ಪೆಯ ಎಣ್ಣೆ ಅಥವಾ ರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಗಾಯದಂಥ ಕಪ್ಪು ಕಲೆ ಬೀಳಬಹುದು. ಹೊಲಕ್ಕೆ, ಕಾಲೇಜಿಗೆ ನಡೆದು ಹೋಗುವವರು ಇದನ್ನು ನೆನಪಿಡಿ. ಲವಂಗ ಮತ್ತು ದಾಲ್ಚಿನ್ನಿ ಎಣ್ಣೆ ಮುಖದ ಚರ್ಮಕ್ಕೆ ತೀರಾ ಖಾರ.

ಉರಿದ ಮೇಲೆ ಬರುವ ಎರಡನೇ ತಪ್ಪು

ನಿಜವಾದ ಹಾನಿ ಹಲವು ಸಲ ಎಣ್ಣೆಯಿಂದ ಅಲ್ಲ, ಎಣ್ಣೆಯ ನಂತರ ಆಗುತ್ತದೆ. ಮುಖ ಉರಿಯಿತು, ಕೆಂಪಾಯಿತು. ಔಷಧಿ ಅಂಗಡಿಗೆ ಹೋಗಿ "ಮಾರಿ ಉರೀತದ, ಗುಳ್ಳಿ ಎದ್ದಾವ, ಏನರ ಟ್ಯೂಬ್ ಕೊಡ್ರಿ" ಎಂದರೆ ಕೈಗೆ ಬರುವುದು ಸ್ಟೀರಾಯ್ಡ್ ಮುಲಾಮು ಆಗಿರಬಹುದು. ಒಂದೇ ರಾತ್ರಿಯಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ನುಣ್ಣಗೆ ಕಾಣುತ್ತದೆ. ಹಾಗೆಂದು ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣತೊಡಗುತ್ತವೆ, ಕೂದಲು ಬೆಳೆಯಬಹುದು, ಸ್ಟೀರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತವೆ. ಬಿಟ್ಟರೆ ಉರಿ ಎರಡರಷ್ಟಾಗಿ ಮರಳುತ್ತದೆ, ಹಾಗಾಗಿ ಬಿಡಲೂ ಆಗುವುದಿಲ್ಲ. ಈ ಹಾವಳಿ ಎಷ್ಟಿತ್ತೆಂದರೆ ಚರ್ಮವೈದ್ಯರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಆದೇಶಿಸಿತು. ಆದೇಶ ಇದ್ದರೂ ಟ್ಯೂಬ್ ಸಿಗುತ್ತದೆ. ಆದ್ದರಿಂದ ಪೊಟ್ಟಣ ತಿರುಗಿಸಿ ಓದಿ: ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಮೊಡವೆಯ ಮದ್ದಲ್ಲ.

ಬಾಟಲಿ ಮಕ್ಕಳ ಕೈಗೆ ಸಿಕ್ಕರೆ

ಇದು ಮೊಡವೆಗೆ ಸಂಬಂಧಿಸಿದ್ದಲ್ಲ, ಆದರೆ ಬಾಟಲಿ ಮನೆಯಲ್ಲಿದ್ದರೆ ಗೊತ್ತಿರಬೇಕು. ಟೀ ಟ್ರೀ ಎಣ್ಣೆ ಕುಡಿದರೆ ವಿಷ. ಮಗು ಒಂದು ಗುಟುಕು ನುಂಗಿದರೂ ಮಂಪರು, ತೂರಾಟ ಬರಬಹುದು. ನೀಲಗಿರಿ ಎಣ್ಣೆ ಮತ್ತು ಕರ್ಪೂರದಿಂದ ಫಿಟ್ಸ್ ಬರುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ನರರೋಗ ತಜ್ಞರ ನೇತೃತ್ವದ ತಂಡ ದಾಖಲಿಸಿದೆ. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸುಗಂಧ ತೈಲದ ನಂಟಿರುವ ಫಿಟ್ಸ್ ಬಂದ ವಯಸ್ಕರೇ 55 ಮಂದಿ. ನುಂಗಿದವರು ಮಾತ್ರವಲ್ಲ, ಮೂಸಿದವರು, ಹಚ್ಚಿಕೊಂಡವರೂ ಅದರಲ್ಲಿದ್ದರು. ಫಿಟ್ಸ್ ಕಾಯಿಲೆ ಇರುವವರ ಮನೆಯಲ್ಲಿ ಈ ಎಣ್ಣೆಗಳ ಬಗ್ಗೆ ಎಚ್ಚರ ಬೇಕು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋಗಬಹುದು. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಹಾಗಾದರೆ ಏನು ಮಾಡಬಹುದು?

ಅಲ್ಲೊಂದು ಇಲ್ಲೊಂದು ಮೊಡವೆ ಇದ್ದು, ಟೀ ಟ್ರೀಯನ್ನೇ ಪ್ರಯತ್ನಿಸಬೇಕು ಎನ್ನುವವರು ಬಿಡಿ ಎಣ್ಣೆಯ ಬದಲು ಶೇ. 5 ಅಥವಾ ಅದಕ್ಕಿಂತ ಕಡಿಮೆ ಎಂದು ಲೇಬಲ್‌ನಲ್ಲಿ ನಮೂದಿಸಿರುವ ಸಿದ್ಧ ಜೆಲ್ ಆರಿಸಿ. ಮೊದಲು ಮೊಣಕೈ ಒಳಭಾಗದಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ, ತುರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಏನೂ ಆಗದಿದ್ದರೆ ಮುಖಕ್ಕೆ. ಆರರಿಂದ ಎಂಟು ವಾರ ಕಾಯಿರಿ. ವ್ಯತ್ಯಾಸ ಕಾಣದಿದ್ದರೆ ಮತ್ತೊಂದು ಎಣ್ಣೆ ಹುಡುಕುವ ಅಗತ್ಯ ಇಲ್ಲ.

ಏಕೆಂದರೆ ಹೆಚ್ಚು ಪುರಾವೆ ಇರುವ ಮದ್ದುಗಳು ಸಣ್ಣ ಊರಿನ ಔಷಧಿ ಅಂಗಡಿಯಲ್ಲೂ ಸಿಗುತ್ತವೆ. ಬೆಂಜಾಯಿಲ್ ಪೆರಾಕ್ಸೈಡ್ ಶೇ. 2.5 ಬ್ಯಾಕ್ಟೀರಿಯಾ ಮೇಲೆ, ಅಡಾಪಲೀನ್ ಶೇ. 0.1 ಬಿರಡೆಯ ಮೇಲೆ ಕೆಲಸ ಮಾಡುತ್ತವೆ. ಇವನ್ನು ವೈದ್ಯರನ್ನು ಕೇಳಿ ಶುರುಮಾಡಿ, ಗರ್ಭಿಣಿಯರಿಗೆ ಅಡಾಪಲೀನ್ ಬೇಡ. ಇವೂ ಮೊದಲ ವಾರಗಳಲ್ಲಿ ಚರ್ಮ ಒಣಗಿಸುತ್ತವೆ, ಬಟ್ಟೆಗೆ ತಾಗಿದರೆ ಪೆರಾಕ್ಸೈಡ್ ಬಣ್ಣ ಹಾರಿಸುತ್ತದೆ. ಹಳೇ ದಿಂಬಿನ ಹೊದಿಕೆ ಹಾಕಿಕೊಂಡು ಮಲಗಿ.

ಗಂಟಿನಂಥ ನೋವಿನ ಮೊಡವೆ, ಒಣಗಿದ ಮೇಲೆ ಗುಳಿ ಬೀಳುತ್ತಿರುವುದು, ಬೆನ್ನು ಎದೆಗೆ ಹರಡಿರುವುದು, ಹುಡುಗಿಯರಲ್ಲಿ ಮೊಡವೆಯ ಜೊತೆ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು ಬರುತ್ತಿರುವುದು, ಇವು ಇದ್ದರೆ ಮನೆಮದ್ದಿನಲ್ಲಿ ತಿಂಗಳು ಕಳೆಯಬೇಡಿ. ಗುಳಿ ಬಿದ್ದ ಕಲೆ ಆಮೇಲೆ ಯಾವ ಎಣ್ಣೆಗೂ ತುಂಬುವುದಿಲ್ಲ. ಬಂಕಾಪುರ, ಶಿಗ್ಗಾವಿ, ಸವಣೂರು ಕಡೆಯವರಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಇದೆ, ಹಿಂದೆ ಕಿಮ್ಸ್ ಎಂದು ಕರೆಯುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ನಲ್ಲಿ ಚರ್ಮರೋಗ ವಿಭಾಗವೇ ಇದೆ. ಬಸ್ ಹತ್ತಲು ಆಗದಿದ್ದರೆ ಫಾರ್ವರ್ಡ್ ಬಂದ ಅದೇ ಫೋನಿನಲ್ಲಿ ಸರ್ಕಾರದ ಇ-ಸಂಜೀವಿನಿ ಮೂಲಕ ವೈದ್ಯರೊಂದಿಗೆ ಉಚಿತವಾಗಿ ಮಾತಾಡಬಹುದು. ಮಾತಾಡುವಾಗ ಈವರೆಗೆ ಹಚ್ಚಿದ ಎಣ್ಣೆ, ಟ್ಯೂಬ್ ಎಲ್ಲವನ್ನೂ ಎದುರಿಗೆ ಇಟ್ಟುಕೊಂಡು ಹೆಸರು ಓದಿ ಹೇಳಿ.